ಪಾಕ ಬರುವ ಹೊತ್ತು

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ ಪ್ರವಾಸಿಗರ ಹತ್ಯೆ ನಡೆಯಿತು. ಮುಂದಿನ ತಿಂಗಳು ಭಾರತ, ಪಾಕಿಸ್ತಾನಗಳ ನಡುವೆ ಸೇನಾ ಸಂಘರ್ಷವೂ ಆಯಿತು. ಆ ದಿನಗಳಲ್ಲೇ ರಾಜಸ್ಥಾನದ ಜೈಪುರದ ಕೆಲವು ಮಿಠಾಯಿ ಅಂಗಡಿಗಳು ತಮ್ಮ ತಿನಿಸುಗಳ ಹೆಸರನ್ನು ಬದಲಾಯಿಸಿದವು. ‘ಮೋತಿ ಪಾಕ್’ ಹೋಗಿ ‘ಮೋತಿ ಶ್ರೀ’ ಆಯಿತು, ‘ಮೈಸೂರು ಪಾಕ್’ ಹೋಗಿ ‘ಮೈಸೂರು ಶ್ರೀ’ ಆಯಿತು. ಸಿಹಿಯ ಹೆಸರಿನಲ್ಲಿ ನೆರೆದೇಶದ ಹೆಸರು ಕೇಳಿಸುವುದು ಬೇಡ ಎಂಬುದು ಅಂಗಡಿಯವರ ವಾದ. ಮೈಸೂರಿನಲ್ಲಿ ತಲೆತಲಾಂತರದಿಂದ ಈ ತಿನಿಸು ಮಾಡುತ್ತ ಬಂದ ಮನೆತನದವರು ಇದನ್ನು ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಒಂದೆರಡು ದಿನ ಚರ್ಚೆ ನಡೆದು ತಣ್ಣಗಾಯಿತು.

ನಗೆಗೆ ಒಳ್ಳೆಯ ವಸ್ತುವಾದ ಈ ಪ್ರಸಂಗದಲ್ಲಿ ನಿಜವಾಗಿ ತಪ್ಪಿಹೋದದ್ದು ಒಂದು ಪದದ ಗುರುತು. ಪತ್ರಿಕೆಗಳ ತಲೆಬರಹಗಳಲ್ಲಿ ಕಾಣುವ ‘ಪಾಕ್’ ಪಾರ್ಸಿ ಮೂಲದ್ದು. ಅದರ ಅರ್ಥ ಶುದ್ಧ, ಪವಿತ್ರ. 1933ರಲ್ಲಿ ಚೌಧರಿ ರಹಮತ್ ಅಲಿ ಪ್ರಾಂತಗಳ ಹೆಸರಿನ ಅಕ್ಷರಗಳನ್ನು ಕೂಡಿಸಿ ಹೊಸ ದೇಶದ ಹೆಸರನ್ನು ಹೆಣೆದಾಗ ಆ ಅರ್ಥವೂ ಅದರಲ್ಲಿ ಸೇರಿಕೊಂಡಿತು. ತಿನಿಸಿನ ‘ಪಾಕ’ವಾದರೋ ಸಂಸ್ಕೃತದ ‘ಪಚ್’ ಧಾತುವಿನಿಂದ ಹುಟ್ಟಿದ್ದು. ಬೇಯಿಸು, ಮಾಗಿಸು, ಜೀರ್ಣಿಸು ಎಂದೆಲ್ಲ ಆ ಧಾತುವಿಗೆ ಅರ್ಥವುಂಟು. ಎರಡಕ್ಕೂ ಸಂಬಂಧವಿಲ್ಲ. ತಮಾಷೆಯೆಂದರೆ, ಭಾಷಾವಿದರು ಪಾರ್ಸಿಯ ‘ಪಾಕ್’ ಪದವನ್ನು ನಮ್ಮ ‘ಪಾವನ’, ‘ಪಾವಕ’ಗಳ ನೆಂಟನೆಂದು ಗುರುತಿಸುತ್ತಾರೆ. ಪಾವಕ ಎಂದರೆ ಬೆಂಕಿ. ಜೈಪುರದವರು ಯಾವ ಪದಕ್ಕೆ ಹೆದರಿದರೋ ಅದು ಒಲೆಯ ಉರಿಗೆ ಹತ್ತಿರದ್ದು, ಯಾವುದನ್ನು ಅಳಿಸಿದರೋ ಅದು ಒಲೆಯ ಮೇಲಿನ ಬಾಣಲೆಯದು!

ಪಚ್ ಧಾತುವಿನ ಬಳಗ ದೊಡ್ಡದು. ಲ್ಯಾಟಿನ್ನಿನ ‘ಕೊಕ್ವೆರೆ’, ಅದರಿಂದ ಬಂದ ಇಂಗ್ಲಿಷಿನ ‘ಕುಕ್’, ‘ಕಿಚನ್’. ಗ್ರೀಕಿನ ಮೂಲಕ ಬಂದು ಜಠರದ ಕಿಣ್ವವೊಂದಕ್ಕೆ ಹೆಸರಾದ ‘ಪೆಪ್ಸಿನ್’. ರಷ್ಯನ್ನರು ಒಲೆಗೆ ಹೇಳುವ ‘ಪೇಚ್’. ಪಾರ್ಸಿಯಲ್ಲಿ ಬೇಯಿಸುವುದಕ್ಕಿರುವ ‘ಪುಖ್ತನ್’ ಇವೆಲ್ಲ ಒಂದೇ ಬೇರಿನವು. ಬಿಸ್ಕತ್ತು ಎಂದರೆ ಲ್ಯಾಟಿನ್ ಮೂಲದಲ್ಲಿ ‘ಎರಡು ಸಲ ಬೆಂದದ್ದು’. ಹಾಗಾಗಿ ಚಹಾದ ಜತೆಗಿನ ಬಿಸ್ಕತ್ತೂ ಹಬ್ಬದ ಮೈಸೂರು ಪಾಕೂ ದೂರದ ದಾಯಾದಿಗಳು. ಸಂಸ್ಕೃತದ ‘ಪಕ್ವ’ ಪ್ರಾಕೃತದಲ್ಲಿ ‘ಪಕ್ಕ’ ಎಂದಾಗಿ, ಹಿಂದೂಸ್ತಾನಿಯ ದಾರಿಯಲ್ಲಿ ‘ಪಕ್ಕಾ’ ಆಗಿ ಕನ್ನಡಕ್ಕೆ ಬಂತು. ಪಕ್ಕಾ ಮನೆ, ಪಕ್ಕಾ ಲೆಕ್ಕ, ಪಕ್ಕಾ ಆಸಾಮಿ ಎಂದೆಲ್ಲ ಆಡುವಾಗ ಯಾರಿಗೂ ಅಡುಗೆಮನೆ ನೆನಪಾಗುವುದಿಲ್ಲ. ಬ್ರಿಟಿಷರು ಅದನ್ನೇ ತಮ್ಮ ಭಾಷೆಗೂ ಒಯ್ದರು.

ಸಂಸ್ಕೃತದಲ್ಲೇ ಈ ಪದಕ್ಕೆ ಒಂದೆರಡು ಸುಳ್ಳು ನೆಂಟರಿದ್ದಾರೆ. ಇಂದ್ರನಿಗೆ ಕಾವ್ಯಗಳಲ್ಲಿ ‘ಪಾಕಶಾಸನ’ ಎಂಬ ಹೆಸರುಂಟು. ಅಡುಗೆಯವರನ್ನು ದಂಡಿಸಿದ್ದರಿಂದ ಬಂದದ್ದಲ್ಲ ಅದು, ಪಾಕನೆಂಬ ರಾಕ್ಷಸನನ್ನು ಅಡಗಿಸಿದ್ದರಿಂದ ಬಂದದ್ದು. ಅಮರಕೋಶ ‘ಪಾಕ’ ಪದವನ್ನು ಶಿಶುವಿನ ಪರ್ಯಾಯಗಳ ಸಾಲಿನಲ್ಲೂ ಇಟ್ಟಿದೆ. ಹೀಗೆ ಒಂದೇ ಉಚ್ಚಾರ ಎಳಸಿಗೂ ಆಯಿತು, ಬಲಿತದ್ದಕ್ಕೂ ಆಯಿತು.

ಕನ್ನಡಕ್ಕೆ ಅಡುಗೆಯ ಮಾತುಗಳ ಬಡತನವೇನೂ ಇರಲಿಲ್ಲ. ಅಡು, ಬೇಯಿಸು, ಕುದಿಸು, ಹುರಿ, ಕರಿ, ಸುಡು, ಬಾಡಿಸು ಹೀಗೆ ಒಂದೊಂದು ಕ್ರಿಯೆಗೂ ಒಂದೊಂದು ಪದ. ದಿನದ ಕೆಲಸವೆಲ್ಲ ‘ಅಡುಗೆ’ಯ ಪಾಲಿಗೆ ಉಳಿದುದರಿಂದ ಹೊರಗಿನಿಂದ ಬಂದ ‘ಪಾಕ’ಕ್ಕೆ ಬೇರೊಂದು ಜಾಗ ಬೇಕಾಯಿತು. ಗ್ರಂಥಗಳಲ್ಲಿ ಅದು ಪಾಕಶಾಸ್ತ್ರ, ಪಾಕಶಾಲೆಗಳ ಗತ್ತಿನಲ್ಲಿ ನಿಂತಿತು. ಮನೆಗಳಲ್ಲಿ ಮಾತ್ರ ಬಹಳ ಚಿಕ್ಕ ಅರ್ಥಕ್ಕೆ ಇಳಿದು, ಸಕ್ಕರೆಯನ್ನೋ ಬೆಲ್ಲವನ್ನೋ ನೀರಿನಲ್ಲಿ ಕಾಯಿಸಿದ ಅಂಟುರಸ ಎಂದಷ್ಟೇ ಆಯಿತು. ನೋಡುವುದಕ್ಕೆ ಇದು ಅರ್ಥದ ಸಂಕೋಚ. ಆದರೆ ಪದದ ತಿರುಳು ಉಳಿದಿರುವುದು ಈ ಚಿಕ್ಕ ಅರ್ಥದಲ್ಲೇ. ‘ಪಾಕ ಮಾಡಿದೆ’ ಎನ್ನುವುದಕ್ಕಿಂತ ‘ಪಾಕ ಬಂತು’, ‘ಪಾಕ ಕೆಟ್ಟಿತು’, ‘ಇನ್ನೂ ಪಾಕಕ್ಕೆ ಬಂದಿಲ್ಲ’ ಎನ್ನುವ ಮಾತುಗಳೇ ಮನೆಗಳಲ್ಲಿ ಹೆಚ್ಚು. ಪಾಕವೆಂದರೆ ಅಲ್ಲಿ ಪದಾರ್ಥವಲ್ಲ, ಒಂದು ಗಳಿಗೆ. ಅದು ಬರುತ್ತದೆ, ಹಿಡಿಯದಿದ್ದರೆ ಹೋಗುತ್ತದೆ.

ಆ ಗಳಿಗೆಯನ್ನು ಹಿಡಿಯುವ ಬಗೆ ಹೀಗೆ. ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಒಲೆಯ ಮೇಲಿಡುತ್ತಾರೆ. ಮೊದಲು ಬರೀ ಸಿಹಿ ನೀರು. ಸ್ವಲ್ಪ ಹೊತ್ತಿನ ಮೇಲೆ ಬೆರಳಿಗೆ ಜಿಗುಟು ಹತ್ತುತ್ತದೆ. ಜಾಮೂನಿಗೆ ಇಷ್ಟು ಸಾಕು. ಇನ್ನೂ ಕುದಿಸಿ, ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಬಿಡಿಸಿದರೆ ಒಂದು ಎಳೆ ನಿಲ್ಲುತ್ತದೆ. ಇದು ಒಂದೆಳೆ ಪಾಕ. ಮೈಸೂರು ಪಾಕಿಗೆ ಕಡಲೆ ಹಿಟ್ಟು ಬೀಳಬೇಕಾದದ್ದು ಇಲ್ಲಿ. ಆಮೇಲೆ ಎರಡೆಳೆ. ತಟ್ಟೆಯ ತಣ್ಣೀರಿಗೆ ಬಿಟ್ಟ ತೊಟ್ಟು ಕರಗದೆ ಮೆತ್ತಗೆ ಉರುಟಾದರೆ ಉಂಡೆ ಪಾಕ. ಕಜ್ಜಾಯದ ಬೆಲ್ಲಕ್ಕೆ ಇದು ಬೇಕು. ಅದೇ ಉಂಡೆಯನ್ನು ತಟ್ಟೆಗೆ ಎಸೆದಾಗ ಟಣ್ಣೆಂದು ಸದ್ದಾದರೆ ಕಡಲೆ ಮಿಠಾಯಿಗೆ ಹೊತ್ತಾಯಿತು. ಅಲ್ಲಿಂದಾಚೆಗೆ ಕಂದು ಬಣ್ಣ, ಕಹಿ, ಪಾತ್ರೆ ತಿಕ್ಕುವವರ ಶಾಪ.

ವಿಜ್ಞಾನ ಇದಕ್ಕೆ ಅಂಕಿಗಳನ್ನು ಕೊಟ್ಟಿದೆ. ಬರೀ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಕ್ಕರೆ ಕರಗಿದ ನೀರಿಗೆ ಅದಕ್ಕಿಂತ ಹೆಚ್ಚು ಶಾಖ ಬೇಕು. ನೀರು ಆವಿಯಾಗಿ ಹೋದಷ್ಟೂ ಉಳಿದ ರಸದ ಕುದಿಯುವ ಉಷ್ಣತೆ ಏರುತ್ತದೆ. ಒಂದೆಳೆ ಪಾಕ ಸುಮಾರು 105 ಡಿಗ್ರಿಯ ಆಸುಪಾಸಿನದು. ಮೆತ್ತನೆಯ ಉಂಡೆ ಪಾಕ 112ರಿಂದ 116 ಡಿಗ್ರಿಯದು, ಆಗ ರಸದಲ್ಲಿ ಶೇಕಡಾ 85ರಷ್ಟು ಸಕ್ಕರೆಯೇ. ಮುರಿಯುವ ಪಾಕ ಸುಮಾರು 150 ಡಿಗ್ರಿ. 160 ದಾಟಿದರೆ ಸಕ್ಕರೆ ಕಂದಾಗುತ್ತದೆ. ಮೊದಲಿಗೆ ನೀರು ಹೆಚ್ಚಿರುವುದರಿಂದ ಏರಿಕೆ ನಿಧಾನ. ನೀರು ಕಡಿಮೆಯಾದ ಮೇಲೆ ಏರಿಕೆ ಚುರುಕು. ಹತ್ತು ನಿಮಿಷ ಸುಮ್ಮನೆ ಕಾಯಿಸಿದ ಬಾಣಲೆ ಕೊನೆಯಲ್ಲಿ ಅರೆ ನಿಮಿಷದಲ್ಲಿ ಕೈಕೊಡುವುದು ಇದಕ್ಕೇ. ‘ಪಾಕಕ್ಕಿಟ್ಟು ಬಾಗಿಲಿಗೆ ಹೋಗಬೇಡ’ ಎಂದು ಹಿರಿಯರು ಗದರುತ್ತಿದ್ದುದರಲ್ಲಿ ಭೌತಶಾಸ್ತ್ರವೇ ಇದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಆಲೆಮನೆಗೆ ಹೋಗಬೇಕು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಸುಮಾರು 105 ಡಿಗ್ರಿಯಲ್ಲಿ ಇಳಿಸಿದರೆ ಮಲೆನಾಡಿನವರು ದೋಸೆಗೆ ಹಚ್ಚಿಕೊಳ್ಳುವ ಜೋನಿ ಬೆಲ್ಲ. ಇನ್ನು ಹನ್ನೆರಡು ಹದಿಮೂರು ಡಿಗ್ರಿ ಏರಲು ಬಿಟ್ಟು ಸುರಿದರೆ ಮಂಡ್ಯದ ಅಚ್ಚು ಬೆಲ್ಲ. ಕಬ್ಬು ಅದೇ, ಉರಿ ಅದೇ. ಎರಡರ ನಡುವಿನ ವ್ಯತ್ಯಾಸವೆಲ್ಲ ಕೈ ನಿಲ್ಲಿಸಿದ ಹೊತ್ತಿನದು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಒಲೆಗೆ ಸಿಪ್ಪೆ ನೂಕುವವರು ಹಲವರಿದ್ದರೂ ಪಾಕ ನೋಡುವವನು ಒಬ್ಬನೇ. ಅವನ ಮಾತಿಲ್ಲದೆ ಕೊಪ್ಪರಿಗೆ ಕೆಳಗಿಳಿಯುವುದಿಲ್ಲ. ಒಂದು ಹೊಲದ ಕಬ್ಬಿನಂತೆ ಇನ್ನೊಂದು ಹೊಲದ್ದಿರುವುದಿಲ್ಲವಾದ್ದರಿಂದ ಅವನಿಗೆ ಅಂಕಿಗಿಂತ ನೊರೆಯ ಬಣ್ಣ, ಗುಳ್ಳೆಯ ಸದ್ದು, ತಣ್ಣೀರಿಗೆ ಬಿಟ್ಟ ತೊಟ್ಟಿನ ಬಿಗಿ ಇವುಗಳ ಮೇಲೇ ನಂಬಿಕೆ ಹೆಚ್ಚು.

ಕನ್ನಡದ್ದೇ ಆದ ‘ಹದ’ ಈ ಅರ್ಥಕ್ಕೆ ತೀರ ಹತ್ತಿರ. ಹಳಗನ್ನಡದಲ್ಲಿ ಅದು ‘ಪದ’. ತಮಿಳಿನ ‘ಪದಂ’ ಕೂಡ ಇದೇ ಕುಲದ್ದು, ಅಲ್ಲೂ ಬೆಂದ ಹದಕ್ಕೆ, ಸಕ್ಕರೆಯ ಎಳೆಗೆ ಅದೇ ಮಾತು. ಆದರೆ ಹದಕ್ಕೆ ಬೆಂಕಿಯೇ ಬೇಕೆಂದಿಲ್ಲ. ಮಳೆ ಬಿದ್ದ ಮಣ್ಣಿಗೆ ಹದವುಂಟು, ಚರ್ಮಕ್ಕೆ ಹದವುಂಟು, ಮಾತಿಗೂ ಹದವುಂಟು. ಪಾಕಕ್ಕೆ ಮಾತ್ರ ಶಾಖ ಬೇಕು, ಕಾಲ ಬೇಕು, ಹಿಂದಿರುಗಲಾಗದ ಒಂದು ಮಾರ್ಪಾಡು ಬೇಕು. ತಪ್ಪಿದ ಹದವನ್ನು ಎಷ್ಟೋ ಸಲ ನೀರೆರೆದು ಸರಿಪಡಿಸಬಹುದು. ಬೆಂದ ಅಕ್ಕಿಯನ್ನು ಮತ್ತೆ ಹಸಿ ಮಾಡಲು ಬರುವುದಿಲ್ಲ.

ಈ ಮೂರು ಗುಣಗಳೇ ಪದವನ್ನು ಅಡುಗೆಮನೆಯಿಂದಾಚೆಗೆ ಎಳೆದೊಯ್ದವು. ಮೊದಲು ಬರಮಾಡಿಕೊಂಡವರು ವೈದ್ಯರು. ಆಯುರ್ವೇದಕ್ಕೆ ಹೊಟ್ಟೆಯೇ ಒಂದು ಒಲೆ, ಜಠರಾಗ್ನಿಯೇ ಉರಿ. ಉಂಡದ್ದು ಬೇಯದೆ ಉಳಿದರೆ ‘ಆಮ’, ಬೆಂದರೆ ‘ಪಕ್ವ’. ಆಮಾಶಯ, ಪಕ್ವಾಶಯ ಎಂದು ದೇಹದ ಭಾಗಗಳಿಗೇ ಹೆಸರಿಟ್ಟರು. ಹಳ್ಳಿಗಳಲ್ಲಿ ಇಂದಿಗೂ ಆಡುವ ‘ಆಮಶಂಕೆ’ಯಲ್ಲಿರುವುದು ಈ ಬೇಯದ ಆಮವೇ. ನಾಲಗೆಯ ರುಚಿ ಒಂದು, ಜೀರ್ಣವಾದ ಮೇಲೆ ಉಳಿಯುವ ಪರಿಣಾಮ ಇನ್ನೊಂದು ಎಂದು ಗುರುತಿಸಿ ಎರಡನೆಯದನ್ನು ‘ವಿಪಾಕ’ವೆಂದರು. ನೆಲ್ಲಿಕಾಯಿ ಬಾಯಿಗೆ ಹುಳಿ, ವಿಪಾಕದಲ್ಲಿ ಮಧುರ. ಹುಣ್ಣಿನ ವಿಷಯದಲ್ಲೂ ಅದೇ ಮಾತು. ಬಾವು ಹಸಿಯೇ ಪಕ್ವವೇ ಎಂದು ಅರಿಯುವುದಕ್ಕೆ ಸುಶ್ರುತಸಂಹಿತೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಹಸಿಯಾದದ್ದನ್ನು ಕೊಯ್ಯುವ ವೈದ್ಯನನ್ನೂ ಹಣ್ಣಾದದ್ದನ್ನು ಕೊಯ್ಯದೆ ಬಿಡುವವನನ್ನೂ ಅದು ಒಂದೇ ಬಿರುಸಿನಲ್ಲಿ ಬೈಯುತ್ತದೆ. ‘ಕುರು ಹಣ್ಣಾಗಲಿ, ಆಮೇಲೆ ನೋಡೋಣ’ ಎನ್ನುವ ಕನ್ನಡದ ಮಾತು ಅದರದೇ ಸಾರ.

ವೈದ್ಯನ ಒಲೆಯ ಮೇಲಿನ ಪಾಕವಂತೂ ಅಡುಗೆಮನೆಯದರ ಅಣ್ಣತಮ್ಮ. ಔಷಧದ ಎಣ್ಣೆ, ತುಪ್ಪಗಳನ್ನು ಮೃದು, ಮಧ್ಯಮ, ಖರ ಎಂಬ ಮೂರು ಪಾಕಗಳಲ್ಲಿ ಇಳಿಸಬೇಕೆಂದು ಚರಕಸಂಹಿತೆ ಹೇಳುತ್ತದೆ. ಮೃದುಪಾಕ ಮೂಗಿಗೆ ಬಿಡಲು, ಮಧ್ಯಮ ಕುಡಿಯಲು, ಖರಪಾಕ ಮೈಗೆ ಹಚ್ಚಲು. ಲೇಹ್ಯದ ಪಾಕ ಬಂದಿತೇ ಎಂದು ತಿಳಿಯಲು ಶಾರ್ಙ್ಗಧರಸಂಹಿತೆ ಕೊಡುವ ಗುರುತುಗಳನ್ನು ನೋಡಬೇಕು: ಎಳೆ ಬರಬೇಕು, ನೀರಿಗೆ ಬಿಟ್ಟರೆ ಮುಳುಗಬೇಕು, ಒತ್ತಿದರೆ ಬೆರಳಿನ ಅಚ್ಚು ಮೂಡಬೇಕು. ಚ್ಯವನಪ್ರಾಶ ಕುದಿಸುವ ಪಂಡಿತರೂ ಎಳ್ಳುಂಡೆ ಕಟ್ಟುವ ಗೃಹಿಣಿಯೂ ನೋಡುವುದು ಒಂದೇ ಎಳೆಯನ್ನು. ಯಾರು ಯಾರಿಂದ ಕಲಿತರು ಎಂದು ಕೇಳಿದರೆ ಗ್ರಂಥಗಳು ಮೌನ. ಆದರೆ ವೈದ್ಯಶಾಲೆ ಹುಟ್ಟುವ ಮೊದಲೇ ಒಲೆಗಳಿದ್ದವು ಎಂಬುದನ್ನು ನೆನೆದರೆ ಉತ್ತರ ಕಷ್ಟವಲ್ಲ.

ತಾರ್ಕಿಕರು ಈ ಪದವನ್ನು ಕುಂಬಾರನ ಆವಿಗೆಗೆ ಒಯ್ದು ಭಾರಿ ಜಗಳವನ್ನೇ ಎಬ್ಬಿಸಿದರು. ಹಸಿ ಮಡಕೆ ಕಪ್ಪು, ಸುಟ್ಟ ಮಡಕೆ ಕೆಂಪು. ಬಣ್ಣ ಬದಲಾದದ್ದು ಎಲ್ಲಿ? ವೈಶೇಷಿಕರ ಪ್ರಕಾರ ಶಾಖಕ್ಕೆ ಮಡಕೆ ಒಡೆದು ಪರಮಾಣುಗಳಾಗುತ್ತದೆ, ಒಂದೊಂದು ಪರಮಾಣುವೂ ಬೆಂದು ಕೆಂಪಾಗುತ್ತದೆ, ಮತ್ತೆ ಕೂಡಿ ಹೊಸ ಮಡಕೆಯಾಗುತ್ತದೆ. ಇದು ಪೀಲುಪಾಕ. ಪೀಲು ಎಂದರೆ ಪರಮಾಣು. ನೈಯಾಯಿಕರು ಒಪ್ಪಲಿಲ್ಲ. ಮಡಕೆ ಮಡಕೆಯಾಗಿಯೇ ಇದ್ದು, ಅದರ ಸಣ್ಣ ರಂಧ್ರಗಳಲ್ಲಿ ಶಾಖ ಹೊಕ್ಕು ಇಡಿಯಾಗಿ ಬೇಯುತ್ತದೆ ಎಂದರು. ಇದು ಪಿಠರಪಾಕ. ಪಿಠರ ಎಂದರೆ ಪಾತ್ರೆ. ಒಳಗಿಟ್ಟ ಮಡಕೆಯೇ ಹೊರಬಂದದ್ದೋ ಅಥವಾ ಅದರ ಮರುಹುಟ್ಟೋ ಎಂಬ ಈ ಪ್ರಶ್ನೆ ಕುಂಬಾರನನ್ನು ಎಂದೂ ಕಾಡಿರಲಾರದು. ಆದರೆ 14ನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹದ ಹೊತ್ತಿಗೂ ಈ ಪಾಕಪ್ರಕ್ರಿಯೆಯಲ್ಲಿ ಬುದ್ಧಿ ಎಡವದವನೇ ನಿಜವಾದ ವೈಶೇಷಿಕ ಎಂಬ ಮಾತು ಚಾಲ್ತಿಯಲ್ಲಿತ್ತು.

ಧರ್ಮಗಳು ಇದೇ ಪದದಲ್ಲಿ ಕರ್ಮವನ್ನು ಬೇಯಿಸಿದವು. ಮಾಡಿದ ಕೆಲಸ ಕೂಡಲೇ ಫಲಿಸುವುದಿಲ್ಲ, ಕಾಲ ಬಂದಾಗ ಪಕ್ವವಾಗುತ್ತದೆ. ಅದೇ ವಿಪಾಕ. ಬೌದ್ಧ, ಜೈನ, ಯೋಗ ಮೂರೂ ದರ್ಶನಗಳಲ್ಲಿ ಈ ಮಾತುಂಟು. ಜೈನಾಗಮದ ಹನ್ನೊಂದನೆಯ ಅಂಗದ ಹೆಸರೇ ವಿಪಾಕಸೂತ್ರ. ಅದರಲ್ಲಿ ದುಃಖವಿಪಾಕ, ಸುಖವಿಪಾಕ ಎಂದು ಎರಡು ಭಾಗ, ಅಂದರೆ ಕೇಡೂ ಬೇಯುತ್ತದೆ, ಒಳಿತೂ ಬೇಯುತ್ತದೆ. ಕನ್ನಡದ ಬಳಕೆಯಲ್ಲಿ ಎರಡನೆಯದು ಬಿಟ್ಟುಹೋಗಿ ‘ವಿಧಿವಿಪಾಕ’ ಎಂದರೆ ಬರೀ ದುರಂತವೆಂದಾಗಿದೆ. ಲಾಟರಿ ಹೊಡೆದವನ ಸುದ್ದಿಗೆ ಯಾವ ವರದಿಗಾರನೂ ಆ ಪದ ಬಳಸುವುದಿಲ್ಲ. ಮಹಾಭಾರತದ ಪ್ರಚಲಿತ ಪಾಠದ ಯಕ್ಷಪ್ರಶ್ನೆಯಲ್ಲಿ ‘ಸುದ್ದಿ ಏನು?’ ಎಂದು ಯಕ್ಷ ಕೇಳುತ್ತಾನೆ. ಧರ್ಮರಾಯನ ಉತ್ತರದ ಭಾವ ಇದು: ಲೋಕವೆಂಬ ಕೊಪ್ಪರಿಗೆಯಲ್ಲಿ, ಸೂರ್ಯನ ಬೆಂಕಿಯಲ್ಲಿ, ಹಗಲಿರುಳುಗಳ ಸೌದೆಯೊಟ್ಟಿ, ತಿಂಗಳು ಋತುಗಳ ಸೌಟಿನಿಂದ ಕಾಲ ಜೀವಿಗಳನ್ನು ಬೇಯಿಸುತ್ತಿದೆ, ಅದೇ ಸುದ್ದಿ. ದಿನಪತ್ರಿಕೆಯ ಓದುಗರಿಗೆ ಇದಕ್ಕಿಂತ ಸಂಕ್ಷಿಪ್ತವಾದ ತಲೆಬರಹ ಸಿಗಲಾರದು.

ಇನ್ನು ಪಾಕದ ಜತೆಗೆ ಸೇರಿಕೊಂಡ ವ್ಯಕ್ತಿಗಳು. ಊಟ ರುಚಿಯಾದರೆ ನಳಪಾಕ, ಭರ್ಜರಿಯಾದರೆ ಭೀಮಪಾಕ. ಭೀಮ ವಿರಾಟನ ಅಡುಗೆಮನೆಯಲ್ಲಿ ವಲಲನಾಗಿ ಸೌಟು ಹಿಡಿದವನು. ನಳನ ಕಥೆ ಇನ್ನೂ ಸೂಕ್ಷ್ಮವಾದದ್ದು. ರಾಜ್ಯ ಕಳೆದುಕೊಂಡು ರೂಪವೂ ಬದಲಾದ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸೇವೆಯಲ್ಲಿರುತ್ತಾನೆ. ಅವನೇ ತನ್ನ ಗಂಡನೇ ಎಂಬ ಶಂಕೆ ದಮಯಂತಿಗೆ. ಮುಖ ನೋಡಿ ಗುರುತಿಸುವಂತಿಲ್ಲ. ಆಕೆ ಸಖಿ ಕೇಶಿನಿಯನ್ನು ಕಳಿಸಿ ಬಾಹುಕ ಬೇಯಿಸಿದ ಮಾಂಸದ ಒಂದು ತುಣುಕನ್ನು ತರಿಸಿ ಬಾಯಿಗಿಡುತ್ತಾಳೆ. ಹಿಂದೆ ಎಷ್ಟೋ ಸಲ ಉಂಡ ರುಚಿ ಅದು. ಗುರುತು ಸಿಕ್ಕಿಬಿಡುತ್ತದೆ. ಪಾಕವೆಂಬುದು ಇಲ್ಲಿ ಸಹಿ ಇದ್ದಂತೆ, ಮಾಡಿದವನ ಕೈಯನ್ನು ಅದು ಬಿಟ್ಟುಕೊಡುತ್ತದೆ. ಶುದ್ಧ ಸಸ್ಯಾಹಾರದ ಫಲಕ ಹೊತ್ತ ಹೋಟೆಲುಗಳು ‘ನಳಪಾಕ’ವೆಂಬ ಹೆಸರಿಟ್ಟುಕೊಳ್ಳುವಾಗ ಆ ತುಣುಕು ಯಾವುದರದೆಂದು ಯಾರೂ ಕೇಳದಿರುವುದೇ ಮೇಲು.

ಗಮನಿಸಬೇಕಾದ ಸಂಗತಿ ಬೇರೆ. ಲಕ್ಷಾಂತರ ಮನೆಗಳಲ್ಲಿ ದಿನವೂ ಒಲೆ ಹೊತ್ತಿಸಿದವರು ಹೆಂಗಸರು. ಹೊಗಳಿಕೆಗೆ ಸಿಕ್ಕ ಹೆಸರುಗಳು ಮಾತ್ರ ಇಬ್ಬರು ಗಂಡಸರವು, ಅದೂ ವನವಾಸ, ಅಜ್ಞಾತವಾಸಗಳ ಸಂಕಟದಲ್ಲಿ ಕೆಲವು ಕಾಲ ಅಡುಗೆಗೆ ನಿಂತ ರಾಜರವು. ಕನ್ನಡದಲ್ಲಿ ಅಡುವ ಹೆಂಗಸಿನ ಹೆಸರು ನುಡಿಗಟ್ಟಾಗಿ ಉಳಿದದ್ದು ‘ಅಡುಗೂಲಜ್ಜಿ’ಯಲ್ಲಿ. ಅಡು, ಕೂಳು, ಅಜ್ಜಿ ಸೇರಿ ಆದ ಪದ ಅದು. ದಾರಿಹೋಕರಿಗೆ ಅನ್ನ ಬೇಯಿಸಿ ಹಾಕಿ, ರಾತ್ರಿ ಅವರಿಗೆ ಕಥೆ ಹೇಳುತ್ತಿದ್ದ ಮುದುಕಿ ಆಕೆ. ‘ಅಡುಗೂಲಜ್ಜಿ ಕಥೆ’ ಎಂದರೆ ನಂಬಲರ್ಹವಲ್ಲದ ಹರಟೆ. ಗಂಡಿನ ಸೌಟು ಪ್ರಶಂಸೆಯಾಯಿತು, ಹೆಣ್ಣಿನ ಸೌಟು ಲೇವಡಿಯಾಯಿತು.

ಪುಸ್ತಕಗಳ ಲೋಕದಲ್ಲೂ ಅಷ್ಟೇ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗದ ಸವಿಸ್ತಾರ ವರ್ಣನೆ ಇದೆ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರವಂತೂ ಇಡಿಯಾಗಿ ಅಡುಗೆಯದೇ. ತಿಂಡಿ, ಪಾನಕ, ಅನ್ನದ ಬಗೆಗಳು, ಬದನೆ, ಹಲಸು, ಬಾಳೆಗಳ ಪಲ್ಯಗಳು ಎಲ್ಲ ಹಾಡಲು ಬರುವ ಪದ್ಯಗಳಲ್ಲಿ. ಸಂಸ್ಕೃತದ ಪಾಕದರ್ಪಣದ ಕರ್ತೃತ್ವ ಸ್ವತಃ ನಳನ ಹೆಸರಿನಲ್ಲಿದೆ. ಬರೆದವರು ಅರಸ, ಪಾಳೆಯಗಾರ, ಆಸ್ಥಾನಕವಿ. ಇವರ ಕೃತಿಗಳಲ್ಲಿ ಪದಾರ್ಥಗಳ ಪಟ್ಟಿ ಸಮೃದ್ಧ. ಎಷ್ಟು ಹೊತ್ತಿಗೆ ಇಳಿಸಬೇಕು ಎಂಬಲ್ಲಿಗೆ ಬಂದರೆ ‘ಹದವರಿತು’ ಎಂಬಂಥ ಮಾತಿನಲ್ಲಿ ಮುಗಿಸುವುದೇ ಪಾಕಗ್ರಂಥಗಳ ರೂಢಿ, ಇಂದಿನ ಅಡುಗೆ ಪುಸ್ತಕಗಳಲ್ಲೂ ಇದು ತಪ್ಪಿಲ್ಲ. ಹದವರಿತವರಿಗೆ ಪುಸ್ತಕ ಬೇಡ, ಅರಿಯದವರಿಗೆ ಪುಸ್ತಕ ಸಾಲದು.

ಪಾಕದ ಬಗ್ಗೆ ಹಳೆಯ ಕಾಲದ ಹೆಣ್ಣೊಬ್ಬಳ ಮಾತು ಹೆಸರಿನ ಸಮೇತ ಉಳಿದು ಬಂದಿರುವುದು ಅಡುಗೆಯ ಪುಸ್ತಕದಲ್ಲಲ್ಲ, ಕಾವ್ಯಮೀಮಾಂಸೆಯಲ್ಲಿ. ಅಲ್ಲಿಗೆ ಹೋಗಲು ಶಾಲೆಯ ದಿನಗಳಲ್ಲಿ ಕೇಳಿದ ಮೂರು ಪಾಕಗಳನ್ನು ನೆನಪಿಸಿಕೊಳ್ಳಬೇಕು. ಬಾಯಿಗಿಟ್ಟ ಕೂಡಲೇ ರಸ ಒಸರುವ ಕಾವ್ಯ ದ್ರಾಕ್ಷಾಪಾಕ. ಸಿಪ್ಪೆ ಸುಲಿಯುವಷ್ಟು ಶ್ರಮ ಬೇಡುವುದು ಕದಳೀಪಾಕ. ನಾರು ಬಿಡಿಸಿ, ಚಿಪ್ಪು ಒಡೆದು ಒಳಗಿನ ತಿರುಳು ತಲಪಬೇಕಾದದ್ದು 

ನಾರಿಕೇಳಪಾಕ. ಕಾಕತೀಯ ಪ್ರತಾಪರುದ್ರನ ಆಸ್ಥಾನದ ವಿದ್ಯಾನಾಥ ದ್ರಾಕ್ಷೆ, ತೆಂಗುಗಳನ್ನು ಹೀಗೆ ಎದುರುಬದುರು ನಿಲ್ಲಿಸಿದ್ದಾನೆ. ಭಾರವಿಯ ಮಾತು ತೆಂಗಿನಕಾಯಿಯಂತೆ ಎಂದು ವ್ಯಾಖ್ಯಾನಕಾರ ಮಲ್ಲಿನಾಥ ಹೇಳಿದ್ದು ಪ್ರಸಿದ್ಧ. ಇಲ್ಲಿ ಪಾಕ ಎಂದರೆ ಹಣ್ಣಿನ ಮಾಗುವಿಕೆ. ಒಲೆಯ ಬದಲು ಬಿಸಿಲು, ಅಷ್ಟೇ ವ್ಯತ್ಯಾಸ.

ಇದಕ್ಕಿಂತ ಕೆಲವು ಶತಮಾನ ಹಿಂದೆ, ಕ್ರಿ.ಶ. 900ರ ಸುಮಾರಿಗೆ, ಕನೌಜಿನ ಪ್ರತೀಹಾರ ದೊರೆಗಳ ಆಶ್ರಯದಲ್ಲಿದ್ದ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಒಂಬತ್ತು ಪಾಕಗಳನ್ನು ಎಣಿಸಿದ್ದ. ಅವನ ಅಳತೆ ಬೇರೆ: ಕಾವ್ಯ ಮೊದಲಲ್ಲಿ ಹೇಗಿದೆ, ಕೊನೆಯಲ್ಲಿ ಹೇಗಿದೆ? ಮೊದಲೂ ಕೊನೆಯೂ ಕೆಟ್ಟರೆ ಬೇವು. ಮೊದಲು ಸಪ್ಪೆ, ಕೊನೆಗೆ ರುಚಿಯಾದರೆ ದ್ರಾಕ್ಷಿ. ಮೊದಲು ಸಾಧಾರಣವಿದ್ದು ಕೊನೆಗೆ ಕೆಟ್ಟರೆ ಬದನೆ. ಮೊದಲೂ ಕೊನೆಯೂ ಸಾಧಾರಣವಾದರೆ ಹುಣಿಸೆ. ಮೊದಲು ರುಚಿಯಿದ್ದು ಕೊನೆಗೆ ಒಗರಾದರೆ ಅಡಿಕೆ. ಎರಡು ತುದಿಯಲ್ಲೂ ರುಚಿಯಾದರೆ ತೆಂಗು. ಬೋರೆ, ಮಾವು, ಸೌತೆಗಳಿಗೂ ಪಟ್ಟಿಯಲ್ಲಿ ಜಾಗವುಂಟು. ಹೀಗೆ ರಾಜಶೇಖರನಲ್ಲಿ ಎಲ್ಲಕ್ಕಿಂತ ಮೇಲಿದ್ದ ತೆಂಗು ಮುಂದಿನವರಲ್ಲಿ ಹಲ್ಲಿಗೆ ಕಷ್ಟ ಕೊಡುವ ಕಾವ್ಯದ ಗುರುತಾಯಿತು. ಒಂದೇ ಕಾಯನ್ನು ಒಬ್ಬ ರುಚಿಗೆ ಅಳೆದ, ಇನ್ನೊಬ್ಬ ಚಿಪ್ಪಿಗೆ ಅಳೆದ. ಇವುಗಳಲ್ಲಿ ಬೇವು, ಬದನೆ, ಅಡಿಕೆಗಳನ್ನು ಬಿಡಬೇಕು, ಬೋರೆ, ಹುಣಿಸೆ, ಸೌತೆಗಳನ್ನು ತಿದ್ದಬೇಕು, ದ್ರಾಕ್ಷಿ, ಮಾವು, ತೆಂಗುಗಳನ್ನು ಸ್ವೀಕರಿಸಬೇಕು ಎಂಬುದು ಅವನ ತೀರ್ಪು. ಇಂದಿನ ಸಂಪಾದಕರ ಮೇಜಿನ ಮೇಲೂ ಇವೇ ಮೂರು ರಾಶಿಗಳಿರುತ್ತವೆ.

ಆದರೆ ಕಾವ್ಯ ಪಾಕಕ್ಕೆ ಬಂತೆಂದು ತಿಳಿಯುವುದು ಹೇಗೆ? ಅದಕ್ಕೂ ನೂರು ವರ್ಷ ಹಿಂದೆ ಕಾಶ್ಮೀರದಲ್ಲಿದ್ದ ವಾಮನನ ಪಂಥದವರ ಬಳಿ ಸಿದ್ಧ ಉತ್ತರವಿತ್ತು. ಒಂದು ಪದವನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಡಲು ಸಾಧ್ಯವಾಗದಿದ್ದರೆ ಅದೇ ಪಾಕ ಎಂದು ಅವರ ಮತ. ಕೇಳಲು ಚೆನ್ನಾಗಿದೆ. ಇಂದಿಗೂ ವಿಮರ್ಶಕರು ‘ಒಂದು ಪದವನ್ನೂ ಕದಲಿಸುವಂತಿಲ್ಲ’ ಎಂದು ಹೊಗಳುವುದುಂಟು. ರಾಜಶೇಖರ ಈ ಮತವನ್ನು ದಾಖಲಿಸಿ, ಅದರ ಮುಂದೆಯೇ ತನ್ನ ಹೆಂಡತಿ ಅವಂತಿಸುಂದರಿಯ ಆಕ್ಷೇಪವನ್ನು ದಾಖಲಿಸುತ್ತಾನೆ. ಅದು ಪಾಕವಲ್ಲ, ಅಶಕ್ತಿ ಎಂಬುದು ಆಕೆಯ ಮಾತು. ಮಹಾಕವಿಗಳು ಒಂದೇ ವಸ್ತುವನ್ನು ಹಲವು ಬಗೆಯಲ್ಲಿ ಹೇಳಿಯಾರು, ಪ್ರತಿಯೊಂದೂ ಪಕ್ವವಾಗಿಯೇ ಇದ್ದೀತು. ಆದ್ದರಿಂದ ಪಾಕವಿರುವುದು ಪದಗಳು ಅಲುಗದಿರುವುದರಲ್ಲಲ್ಲ, ಶಬ್ದವೂ ಅರ್ಥವೂ ರಸಕ್ಕೆ ಒಪ್ಪುವಂತೆ ಕೂಡುವುದರಲ್ಲಿ ಎಂದು ಆಕೆ ವಾದಿಸಿದಳು.

ಒಲೆಯ ಮುಂದೆ ನಿಂತವರಿಗೆ ಈ ವಾದ ಬೇಗ ಹಿಡಿಸುತ್ತದೆ. ಬಾಣಲೆಯ ತಳದಲ್ಲಿ ಕಲ್ಲಾಗಿ ಕೂತ ಸಕ್ಕರೆಯನ್ನೂ ಯಾರೂ ಕದಲಿಸಲಾರರು. ಹಾಗೆಂದು ಅದನ್ನು ಪಾಕವೆನ್ನುವವರಿಲ್ಲ. ಒಂದೇ ಕಡಲೆ ಹಿಟ್ಟು, ತುಪ್ಪ, ಸಕ್ಕರೆಗಳಲ್ಲಿ ಒಬ್ಬರ ಕೈಯ ಮೈಸೂರು ಪಾಕು ಗೂಡುಗೂಡಾಗಿ ಗರಿಗರಿ, ಇನ್ನೊಬ್ಬರದು ಬೆಣ್ಣೆಯಂತೆ ಮೆತ್ತಗೆ. ಎರಡೂ ಪಾಕಕ್ಕೆ ಬಂದವೇ. ರಾಜಶೇಖರ ಕೊನೆಯಲ್ಲಿ, ಪಾಕ ಎಂಬುದನ್ನು ಫಲದಿಂದ ಊಹಿಸಬೇಕು, ಅದನ್ನು ನಿರ್ಧರಿಸುವವರು ಸಹೃದಯರು ಎಂಬ ನಿಲುವಿಗೆ ಬರುತ್ತಾನೆ. ದಮಯಂತಿ ಮಾಡಿದ್ದೂ ಅದನ್ನೇ.

ಅವಂತಿಸುಂದರಿ ಚಾಹಮಾನ ಕುಲದವಳು. ರಾಜಶೇಖರನ ಪ್ರಾಕೃತ ನಾಟಕ ಕರ್ಪೂರಮಂಜರಿ ರಂಗಕ್ಕೆ ಬಂದದ್ದು ಆಕೆಯ ಇಚ್ಛೆಯಂತೆ ಎಂದು ಆ ನಾಟಕದ ಪ್ರಸ್ತಾವನೆಯೇ ಹೇಳುತ್ತದೆ. ಕಾವ್ಯಮೀಮಾಂಸೆಯಲ್ಲಿ ಆಕೆಯ ಅಭಿಪ್ರಾಯಗಳು ಮೂರು ಕಡೆ ಉಲ್ಲೇಖವಾಗಿವೆ. ಆಕೆ ಬರೆದ ಕಾವ್ಯಶಾಸ್ತ್ರದ ಪುಸ್ತಕ ಯಾವುದೂ ದೊರೆತಿಲ್ಲ. 1916ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ ತನ್ನ ಮೊದಲ ಪುಸ್ತಕವಾಗಿ ಕಾವ್ಯಮೀಮಾಂಸೆಯನ್ನು ಅಚ್ಚು ಹಾಕಿಸಿದಾಗ, ಗಂಡನ ಗ್ರಂಥದೊಳಗೆ ಒಂದು ಸಾವಿರ ವರ್ಷ ಕೂತಿದ್ದ ಆಕೆಯ ಮಾತು ಓದುಗರ ಕೈಗೆ ಬಂತು.